ಓದಿದ ಮೇಲೆ ಒಂದು ಮಾತು ಹೇಳಿ

ನಮ್ಮ ಸಿಂಧನೂರು, ಮಾನ್ವಿ ಕಡೆ ಹೊಸದಾಗಿ ಬರೆಯುತ್ತಿರುವ ಹುಡುಗರು ಸಿಕ್ಕಾಗ ಒಂದು ದೂರು ತಪ್ಪದೇ ಬರುತ್ತದೆ. "ಸರ್, ನಾವು ಬರೆದದ್ದನ್ನ ಯಾರೂ ಓದೋದೇ ಇಲ್ಲ." ನಾನು ಅವರಿಗೆ ತಿರುಗಿ ಕೇಳುತ್ತೇನೆ. ಈ ವಾರ ನೀವು ಯಾರದ್ದು ಓದಿದಿರಿ? ಓದಿ ಅವರಿಗೆ ಏನು ಹೇಳಿದಿರಿ?

ಬಹಳ ಜನ ಇಲ್ಲಿ ಸುಮ್ಮನಾಗುತ್ತಾರೆ. ಓದಿರುತ್ತಾರೆ, ಮನಸ್ಸಿಗೂ ಹಿಡಿಸಿರುತ್ತದೆ. ಆದರೆ ಒಂದು ಲೈಕ್ ಒತ್ತಿ ಮುಂದೆ ಹೋಗಿರುತ್ತಾರೆ. ಬರೆದವರಿಗೆ ಕಾಣುವುದು ಒಂದು ಸಂಖ್ಯೆ ಅಷ್ಟೇ. ಸಂಖ್ಯೆ ಜೊತೆ ಏನು ಮಾತಾಡೋದು ಹೇಳಿ.

ಲಿಂಗಸುಗೂರು ಕಡೆಯ ತಂಗಿಯೊಬ್ಬಳು ಹತ್ತಿ ಬಿಡಿಸುವ ಕೆಲಸದ ಬಗ್ಗೆ ಬರೆದಿದ್ದಳು. ಶಾಲೆ ರಜೆಯಲ್ಲಿ ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದ ದಿನಗಳವು. ಉಡಿ ಕಟ್ಟಿಕೊಂಡು ಸಾಲು ಹಿಡಿಯುವುದು, ಒಣಗಿದ ಕಾಯಿಯ ಚೂಪು ತುದಿ ಉಗುರಿನ ಸಂದಿಗೆ ಚುಚ್ಚುವುದು, ಸಂಜೆ ತಕ್ಕಡಿ ಮುಂದೆ ಕಿಲೋ ಲೆಕ್ಕಕ್ಕೆ ನಿಲ್ಲುವುದು. ಕೆಳಗೆ ಎಂದಿನಂತೆ "ಸೂಪರ್", "ಚೆಂದ ಬರಹ", ಕೈ ಮುಗಿದ ಚಿತ್ರಗಳು. ಆಮೇಲೆ ಸಿರುಗುಪ್ಪದ ಹಿರಿಯರೊಬ್ಬರು ಕೇಳಿದರು: "ತಂಗೆವ್ವಾ, ಬೆರಳಿಗೆ ಚುಚ್ಚೋದು ಬರದೀ. ರಾತ್ರಿ ರೊಟ್ಟಿ ಬಡಿಯುವಾಗ ನಿಮ್ಮವ್ವನ ಕೈ ಹೆಂಗಿರ್ತಿತ್ತು?"

ಅದಕ್ಕೆ ಆಕೆ ಬರೆದ ಉತ್ತರ ಮೂಲ ಬರಹಕ್ಕಿಂತ ದೊಡ್ಡದಾಗಿತ್ತು. ಅವ್ವ ಬೆರಳು ಎತ್ತಿ ಹಿಡಿದು ಬರೀ ಅಂಗೈಯಲ್ಲಿ ಬಡಿಯುತ್ತಿದ್ದಳಂತೆ. ಹತ್ತಿ ಸುಗ್ಗಿ ಮುಗಿಯುವ ತನಕ ರೊಟ್ಟಿಯ ಅಂಚು ದಪ್ಪ. ಅಪ್ಪ ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ, ಸುಮ್ನೆ ತಿಂದು ಎದ್ದು ಹೋಗುತ್ತಿದ್ದ. ಇದನ್ನು ಓದಿ ಇನ್ನೊಬ್ಬ ಅಕ್ಕ ಮೆಣಸಿನಕಾಯಿ ಬಿಡಿಸುವ ಕೂಲಿಯ ಮಾತು ತೆಗೆದರು. ಕೈ ಉರಿ ಆರುವ ತನಕ ಕೂಸನ್ನು ಮುಟ್ಟುತ್ತಿರಲಿಲ್ಲ, ಕೂಸು ಅಳುತ್ತಿದ್ದರೂ ಅತ್ತೆಯೇ ಎತ್ತಿಕೊಳ್ಳಬೇಕಿತ್ತು ಅಂತ. ಅವತ್ತು ಅಲ್ಲಿ ಮಾತಾಡಿದವರಲ್ಲಿ ಕೆಲವರು ಈಗ ಪ್ರಕಟಿಸುವ ಮೊದಲೇ ಬರಹ ಕಳಿಸಿ ಒಬ್ಬರನ್ನೊಬ್ಬರು ಕೇಳುತ್ತಾರೆ. ಒಂದು ಬಳಗ ಹುಟ್ಟಿತು. ಹುಟ್ಟಿಸಿದ್ದು ಗಮನ ಕೊಟ್ಟು ಓದಿದವರ ಒಂದು ಪ್ರಶ್ನೆ.

ನಮ್ಮ ಸೀಮೆಗೆ ಇದೇನು ಹೊಸದಲ್ಲ. ಇದು ಗಜಲ್ ಬೇರು ಬಿಟ್ಟ ನೆಲ. ಕನ್ನಡಕ್ಕೆ ಗಜಲ್ ತಂದವರಲ್ಲಿ ಮೊದಲಿಗರಾದ ಶಾಂತರಸ ಹೆಂಬೆರಳು ರಾಯಚೂರಿನವರು. 2006ರಲ್ಲಿ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಮುಷಾಯಿರಾದಲ್ಲಿ, ಅಂದರೆ ಕವಿಗಳು ಗಜಲ್ ಓದುವ ಗೋಷ್ಠಿಯಲ್ಲಿ, ಕೂತು ಕೇಳಿದವರಿಗೆ ಗೊತ್ತು, ಅಲ್ಲಿ ಕೇಳುಗ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಮನಸ್ಸಿಗೆ ನಾಟಿದ ಶೇರ್ (ಗಜಲಿನ ಎರಡು ಸಾಲಿನ ಪದ್ಯ) ಬಂದಾಗ "ಮುಕರ್ರರ್" ಅನ್ನುತ್ತಾನೆ, ಕವಿ ಅದನ್ನೇ ಮತ್ತೆ ಓದುತ್ತಾನೆ. ಇಡೀ ಗಜಲ್ ಚೆನ್ನಾಗಿದೆ ಅಂತ ಕೊನೆಗೆ ಹೇಳುವುದಕ್ಕೂ ಇದಕ್ಕೂ ಬಹಳ ಅಂತರ ಇದೆ. ಯಾವ ಎರಡು ಸಾಲು ಕೆಲಸ ಮಾಡಿದವು ಅನ್ನೋದು ಕವಿಗೆ ಅಲ್ಲೇ ಗೊತ್ತಾಗುತ್ತದೆ. ತರಹಿ ಗಜಲ್ ಇನ್ನೂ ಒಂದು ಹೆಜ್ಜೆ ಮುಂದೆ. ಬೇರೆಯವರ ಒಂದು ಸಾಲು ತೆಗೆದುಕೊಂಡು ಅದರ ಮೇಲೆ ನಮ್ಮ ಗಜಲ್ ಕಟ್ಟುವುದು. ಕಟ್ಟಬೇಕಾದರೆ ಅವರ ರದೀಫ್ (ಶೇರ್ ಕೊನೆಗೆ ಮತ್ತೆ ಮತ್ತೆ ಬರುವ ಪದ), ಕಾಫಿಯಾ (ಅದರ ಹಿಂದೆ ಬರುವ ಪ್ರಾಸ) ಎರಡನ್ನೂ ಸರಿಯಾಗಿ ಓದಲೇಬೇಕು.

ಕಥೆಗೂ ಪ್ರಬಂಧಕ್ಕೂ ಇದೇ ಮಾಡಿ ಅನ್ನೋದು ನನ್ನ ಮಾತು. ಪೂರ್ತಿ ಓದಿ. ಹಿಡಿಸಿದ ಸಾಲು ಯಾವುದು ಅಂತ ತೋರಿಸಿ. ತಿಳಿಯದಿದ್ದರೆ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ಎಲ್ಲಿ, ಯಾಕೆ ಅಂತ ಹೇಳಿ. ಕಾಗುಣಿತದ ತಪ್ಪು ಕಂಡರೆ ಮಾತ್ರ ಇನ್‌ಬಾಕ್ಸಿನಲ್ಲಿ ತಿಳಿಸಿ, ಹತ್ತು ಜನರ ಮುಂದೆ ಬೇಡ. "ನನ್ನದನ್ನೂ ಓದಿ ಸರ್" ಅಂತ ಅವರ ಬರಹದ ಕೆಳಗೆ ಲಿಂಕ್ ಅಂಟಿಸುವುದಂತೂ ದಯವಿಟ್ಟು ಬೇಡ.

ಹೊಲದಲ್ಲಿ ಮುಯ್ಯಾಳು ಹೋಗುತ್ತೇವಲ್ಲ, ಇವತ್ತು ನಾವು ಅವರ ಹೊಲಕ್ಕೆ, ನಾಳೆ ಅವರು ನಮ್ಮ ಹೊಲಕ್ಕೆ, ಇದೂ ಹಾಗೆಯೇ. ನಾವು ಮೊದಲು ಹೋಗಬೇಕು. ಆದರೆ ಲೆಕ್ಕ ಇಡಬಾರದು. ಹೊಲದಲ್ಲಿ ಒಂದಾಳಿಗೆ ಒಂದಾಳು ಸರಿ, ಓದಿನಲ್ಲಿ ಆ ಲೆಕ್ಕ ಹಿಡಿದರೆ ಹೊಗಳಿಕೆಯ ವ್ಯಾಪಾರ ಶುರುವಾಗುತ್ತದೆ. ಹತ್ತು ಜನ ಒಬ್ಬರನ್ನೊಬ್ಬರು "ಅದ್ಭುತ" ಅಂದುಕೊಂಡು ಹನ್ನೊಂದನೆಯವನನ್ನು ಹೊರಗೆ ನಿಲ್ಲಿಸುವುದನ್ನು ನೋಡಿದ್ದೇನೆ. ಅದರಲ್ಲಿ ಜಾತಿ ನೋಡಿ ಲೈಕ್ ಒತ್ತುವವರೂ ಇದ್ದಾರೆ. ಮುಚ್ಚಿಟ್ಟು ಏನು ಪ್ರಯೋಜನ?

ನಮಗೆ ಇದು ಜಾಸ್ತಿ ಬೇಕು ಅನ್ನೋಕೆ ಇನ್ನೊಂದು ಕಾರಣ ಇದೆ. ತುಂಗಭದ್ರೆಯ ಈ ದಂಡೆಯ ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್ ತನಕ ನಿಜಾಮರ ಕೈಯಲ್ಲಿದ್ದವು, ಇಲ್ಲಿ ದಫ್ತರು ಉರ್ದುವಿನಲ್ಲಿ ನಡೆಯುತ್ತಿತ್ತು. ಆ ದಂಡೆಯ ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು. 1956ರಲ್ಲಿ ಎಲ್ಲ ಒಂದೇ ರಾಜ್ಯವಾಯಿತು. ಆದರೂ ಕಂಪ್ಲಿಯಲ್ಲಿ ಬರೆಯುವವರಿಗೆ ಹೊಳೆ ಆಚೆಯ ಗಂಗಾವತಿಯಲ್ಲಿ ಯಾರು ಬರೆಯುತ್ತಾರೆ ಅಂತ ಗೊತ್ತಿರುವುದಿಲ್ಲ. ಇಬ್ಬರೂ ಬೆಂಗಳೂರಿನ ದೊಡ್ಡ ಹೆಸರುಗಳ ಪೋಸ್ಟಿನ ಕೆಳಗೆ ಹೋಗಿ ಕೈ ಮುಗಿದು ಬರುತ್ತಾರೆ. ಅಲ್ಲಿ ನಿಮ್ಮ ಮಾತು ಇನ್ನೂರರಲ್ಲಿ ಒಂದು. ಪಕ್ಕದೂರಿನ ಹುಡುಗನಿಗೆ ಅದೇ ಮಾತು ಆ ತಿಂಗಳಲ್ಲೆಲ್ಲಾ ಬಂದ ಒಂದೇ ಒಂದು ಮಾತಾಗಿರಬಹುದು. ನಿಮ್ಮ ಅರ್ಧ ಗಂಟೆಯನ್ನು ಯಾರಿಗೆ ಕೊಡಬೇಕು ಅನ್ನೋದರಲ್ಲಿ ನನಗಂತೂ ಅನುಮಾನ ಇಲ್ಲ.

ಗಂಡಸರಿಗೆ ಒಂದು ಮಾತು. ಹೆಣ್ಣುಮಕ್ಕಳ ಬರಹಕ್ಕೆ ಹೇಳುವುದಿದ್ದರೆ ಎಲ್ಲರಿಗೂ ಕಾಣುವ ಹಾಗೆ ಹೇಳಿ, ಬರಹದ ಬಗ್ಗೆಯೇ ಹೇಳಿ. ಕವಿತೆಯ ಕೆಳಗೆ ಡಿಪಿ ಹೊಗಳುವುದು, ರಾತ್ರಿ ಹನ್ನೊಂದಕ್ಕೆ "ಊಟ ಆಯ್ತಾ ಮೇಡಂ" ಅಂತ ಮೆಸೇಜ್ ಹಾಕುವುದು, ಇದರಿಂದ ಬೇಸತ್ತು ಖಾತೆ ಮುಚ್ಚಿದವರು ನನಗೆ ಗೊತ್ತು. ಅವರಲ್ಲಿ ಒಬ್ಬರ ಕಥೆಗಳು ನಿಜಕ್ಕೂ ಒಳ್ಳೆಯವಿದ್ದವು. ಈಗ ಅವರು ಬರೆಯುತ್ತಿಲ್ಲ. ಅಂಥ ಮೆಸೇಜು ಕಳಿಸುವ ಗೆಳೆಯನಿಗೆ ನಾವೇ ತಿಳಿ ಹೇಳಬೇಕು, ಆ ಹೊರೆಯನ್ನೂ ಅವರ ಮೇಲೆ ಹಾಕಬಾರದು.

ದೇವದುರ್ಗ, ಕುಷ್ಟಗಿ, ಯಲಬುರ್ಗಾ, ಸಂಡೂರು, ಯಾವ ಕಡೆಯವರಾದರೂ ಸರಿ, ಚೆನ್ನಾಗಿ ಬರೆಯುತ್ತಿದ್ದರೂ ಯಾರ ಕಣ್ಣಿಗೂ ಬೀಳದವರು ನಿಮಗೆ ಗೊತ್ತಿದ್ದರೆ ಅವರ ಒಪ್ಪಿಗೆ ಕೇಳಿ ಇಲ್ಲಿ ಟ್ಯಾಗ್ ಮಾಡಿ. ಅವರ ಯಾವ ಬರಹದಿಂದ ಓದಲು ಶುರು ಮಾಡಬೇಕು ಅಂತಲೂ ಹೇಳಿ. ನಾನು ಓದುತ್ತೇನೆ, ಓದಿ ಅವರ ಗೋಡೆಯಲ್ಲೇ ಬರೆಯುತ್ತೇನೆ.