ಮಿಕ್ಸಿಯ ತಳದ ಕೆಂಪು ಗುಂಡಿ

ಇಡ್ಲಿ ಬೆಂದಿರುತ್ತೆ. ಸ್ಕೂಲ್ ವ್ಯಾನಿನ ಹಾರ್ನ್ ಆಗಲೇ ಹಿಂದಿನ ರಸ್ತೆಯಲ್ಲಿ ಕೇಳುತ್ತಿರುತ್ತೆ. ಜಾರಿನಲ್ಲಿ ಕಾಯಿ ಅರ್ಧ ನುರಿದಿದೆ, ಹುರಿಗಡಲೆ ಹಾಗೇ ಇದೆ. ಅಷ್ಟರಲ್ಲಿ ಮಿಕ್ಸಿ ದನಿ ತಗ್ಗಿಸುತ್ತದೆ, ಒಮ್ಮೆ ಮುಲುಗುತ್ತದೆ, ಸುಮ್ಮನಾಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ, ಯಾರಿಗೂ ಅವಸರವಿಲ್ಲದಾಗ ಕೆಟ್ಟ ಮಿಕ್ಸಿಯನ್ನು ಕಂಡವರು ಯಾರಾದರೂ ಇದ್ದರೆ ಕೈ ಎತ್ತಲಿ.

ಮುಂದಿನದು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ಒಳಗಿನ ರೂಮಿನಿಂದ "ಕರೆಂಟ್ ಹೋಯ್ತಾ?" ಎಂಬ ಪ್ರಶ್ನೆ, ಕೇಳುವವರ ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವಾಗಲೇ. ಆಮೇಲೆ "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ" ಎಂಬ ಶೋಧ. ಕೊನೆಗೆ ಪೇಪರ್ ಮಡಚಿಟ್ಟು ಯಜಮಾನರ ಆಗಮನ.

ಯಜಮಾನರಿಗೆ ಗೊತ್ತಿರುವ ಚಿಕಿತ್ಸೆ ಒಂದೇ: ನಾಬ್ ತಿರುಗಿಸುವುದು. ಒಂದಕ್ಕೆ ತಿರುಗಿಸುತ್ತಾರೆ. ಇಲ್ಲ. ಎರಡಕ್ಕೆ. ಇಲ್ಲ. ಮೂರಕ್ಕೆ ತಿರುಗಿಸಿ ಕಿವಿ ಕೊಟ್ಟು ಆಲಿಸುತ್ತಾರೆ. ವಾಪಸ್ ಎಡಕ್ಕೆ, ವಿಪ್‌ಗೆ. ಮತ್ತೆ ಒಂದು, ಎರಡು, ಮೂರು, ಈ ಸಲ ನಿಧಾನಕ್ಕೆ. ಈ ಸಲ ಬೇಗ. ಪ್ಲಗ್ ಕಿತ್ತು ಪಕ್ಕದ ಸಾಕೆಟ್ಟಿಗೆ ಹಾಕಿ ಮತ್ತದೇ ಮೂರು. "ಮೋಟರ್ ಹೋಗಿದೆ" ಎಂದು ತೀರ್ಪು ಕೊಟ್ಟು ಪೇಪರಿಗೆ ಮರಳುತ್ತಾರೆ. ನಾಬ್ ಮಾತ್ರ ಮೂರರಲ್ಲೇ ಇರುತ್ತದೆ. ಈ ಮೂರು ನೆನಪಿರಲಿ, ಮುಂದೆ ಬರುತ್ತದೆ.

ಮೋಟರ್ ಹೋಗಿರುವುದಿಲ್ಲ. ಹೀಗೆ ನಡುವೆ ಸುಮ್ಮನಾದ ಮಿಕ್ಸಿಗಳಲ್ಲಿ ಬಹುಪಾಲು ತಳದ ಓವರ್‌ಲೋಡ್ ಗುಂಡಿ, ಅಂದರೆ ಭಾರ ಹೆಚ್ಚಾದಾಗ ಹೊರಗೆ ಚಿಮ್ಮಿ ಕರೆಂಟ್ ಕಡಿಯುವ ಗುಂಡಿ, ಹೊರಗೆ ಬಂದ ಗಿರಾಕಿಗಳು. ಮಿಕ್ಸಿಯನ್ನು ಮಲಗಿಸಿದರೆ ನಾಲ್ಕು ರಬ್ಬರ್ ಕಾಲುಗಳ ನಡುವೆ ಒಂದು ಪುಟ್ಟ ಕೆಂಪು ಗುಂಡಿ ಕಾಣುತ್ತದೆ. ಕಾಣಬೇಕು. ವರ್ಷಗಟ್ಟಲೆ ಸೋರಿದ ದೋಸೆ ಹಿಟ್ಟು ಮೆತ್ತಿಕೊಂಡು ಅದು ಈಗ ಕೆಂಪಗೂ ಇಲ್ಲ, ಗುಂಡಿಯಂತೆಯೂ ಇಲ್ಲ. ಮಿಕ್ಸಿಯ ಮುಖದ ಮೇಲೆ ಹೂವಿನ ಸ್ಟಿಕ್ಕರಿಗೆ ಜಾಗವಿದೆ, 750 ವ್ಯಾಟ್ ಎಂದು ಬೆಳ್ಳಿ ಅಕ್ಷರದಲ್ಲಿ ಬರೆಯಲು ಜಾಗವಿದೆ. ಅಡುಗೆಮನೆಯಲ್ಲಿ ನಿಂತವರಿಗೆ ನಿಜವಾಗಿ ಬೇಕಾದ ಒಂದೇ ಒಂದು ವಸ್ತುವಿಗೆ ಮಾತ್ರ ಹೊಟ್ಟೆಯಡಿಯ ಕತ್ತಲೆ. ಪಕ್ಕದಲ್ಲಿ, ಬೆನ್ನಿನಲ್ಲಿ, ವೈರಿನ ಹತ್ತಿರ ಎಲ್ಲಿಟ್ಟಿದ್ದರೂ ಆಗುತ್ತಿತ್ತು. ಕಲ್ಪನೆ ಮಾಡಿಕೊಳ್ಳಿ, ಗುಂಡಿ ಒತ್ತಿಸಿಕೊಳ್ಳಲೆಂದು ಆಟೋದಲ್ಲಿ ಮಿಕ್ಸಿ ಕೂರಿಸಿಕೊಂಡು ರಿಪೇರಿ ಅಂಗಡಿಗೆ ಹೋಗುವವರು ನಮ್ಮಲ್ಲಿ ಎಷ್ಟು ಜನ!

ಈಗ ಆ ಮೂರಕ್ಕೆ ಬರೋಣ. ಗುಂಡಿಯ ಸುದ್ದಿ ಬಲ್ಲ ಮನೆಯಾಕೆ ಜಾರು ತೆಗೆದಿಟ್ಟು, ಮಿಕ್ಸಿಯನ್ನು ಮಗುವಿನಂತೆ ತೋಳಿನಲ್ಲಿ ಮಲಗಿಸಿಕೊಂಡು, ಹೆಬ್ಬೆರಳಿನಿಂದ ಒತ್ತುತ್ತಾರೆ. ಪ್ಲಗ್ ಗೋಡೆಯಲ್ಲೇ ಇದೆ, ನಾಬ್ ಮೂರರಲ್ಲೇ ಇದೆ. ಟಿಕ್ ಎನ್ನುತ್ತದೆ, ಮರುಕ್ಷಣ ತೋಳಿನಲ್ಲಿದ್ದ ಮಿಕ್ಸಿ ಪೂರ್ತಿ ವೇಗದಲ್ಲಿ ಎದ್ದು ಕೂಗುತ್ತದೆ. ಕಪ್ಲರ್, ಅಂದರೆ ಮೋಟರಿನ ಸುತ್ತನ್ನು ಜಾರಿನ ಬ್ಲೇಡಿಗೆ ದಾಟಿಸುವ ಹಲ್ಲಿನ ಬಿಲ್ಲೆ, ನೇರ ಸೆರಗಿನ ಕಡೆಗಿದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಪ್ಲಗ್ ಕೀಳಿ, ನಾಬ್ ಸೊನ್ನೆಗೆ ತನ್ನಿ, ಜಾರು ತೆಗೆಯಿರಿ, ಐದರಿಂದ ಹತ್ತು ನಿಮಿಷ ಬಿಡಿ, ಆಮೇಲೆ ಒತ್ತಿ. ಗುಂಡಿ ಒಳಗೆ ನಿಲ್ಲದೆ ವಾಪಸ್ ಬಂದರೆ ಇನ್ನೂ ಬಿಸಿಯಿದೆ ಎಂದರ್ಥ. ಒತ್ತಿಹಿಡಿದು ಹಟ ಮಾಡಬೇಡಿ. ವ್ಯಾನು ಕಾಯುವುದಿಲ್ಲ, ನಿಜ. ಇವತ್ತಿಗೆ ಚಟ್ನಿಪುಡಿ, ಎಣ್ಣೆ.

ಗುಂಡಿ ಯಾಕೆ ಹೊರಬಂತು ಎಂದು ನೋಡದೆ ಒತ್ತುತ್ತಲೇ ಇದ್ದರೆ ಮಾತ್ರ ಒಂದು ದಿನ ನಿಜವಾಗಿಯೂ ಮೋಟರ್ ಹೋಗುತ್ತದೆ. ಇದು ಖಾಲಿ ಓಡುವಾಗ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ತಿರುಗುವ ಯೂನಿವರ್ಸಲ್ ಮೋಟರ್. ತಿರುಗುತ್ತಾ ತಾನೇ ಒಂದಿಷ್ಟು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ಹಿಡಿತದಲ್ಲಿಟ್ಟುಕೊಳ್ಳುತ್ತದೆ. ಬ್ಲೇಡಿಗೆ ಗಟ್ಟಿ ಉಂಡೆ ಸಿಕ್ಕಿ ವೇಗ ಕುಸಿದರೆ ಆ ಎದುರು ವೋಲ್ಟೇಜೂ ಕುಸಿಯುತ್ತದೆ, ಕರೆಂಟ್ ನುಗ್ಗುತ್ತದೆ, ತಂತಿ ಕಾಯುತ್ತದೆ. ತಣ್ಣಗಿಡಬೇಕಾದ ಫ್ಯಾನೂ ಅದೇ ಶಾಫ್ಟಿನ ಮೇಲಿರುವುದರಿಂದ ಗಾಳಿ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಸೋಮಾರಿಯಾಗುತ್ತದೆ. ಫ್ರೀಜರಿನಿಂದ ತೆಗೆದ ಕಾಯಿತುರಿಯ ಹೆಪ್ಪುಗಟ್ಟಿದ ಉಂಡೆ, "ಹಿಟ್ಟು ತೆಳ್ಳಗಾಗುತ್ತೆ" ಎಂದು ನೀರೇ ತೋರಿಸದ ಉದ್ದಿನಬೇಳೆ, ಮುಚ್ಚಳದ ತನಕ ತುಂಬಿದ ಅಕ್ಕಿ, ಇವೇ ಮುಖ್ಯ ಆರೋಪಿಗಳು. ಅರ್ಧ ಜಾರು ಸಾಕು, ಎರಡು ಸಲ ರುಬ್ಬಿ. ತಳದಲ್ಲೇ ಇನ್ನೊಂದು ಸ್ಟಿಕ್ಕರ್ ಇರುತ್ತದೆ: ಒಟ್ಟು 30 ನಿಮಿಷ, ಅದರಲ್ಲಿ ಪ್ರತಿ ಸಲ 5 ನಿಮಿಷ ಚಾಲು, 2 ನಿಮಿಷ ಬಂದ್. ಅದೂ ಅಲ್ಲೇ, ಗುಂಡಿಯ ನೆರೆಮನೆಯಲ್ಲಿ, ಯಾರೂ ಓದದಂತೆ.

ಉಂಡೆಯೂ ಇಲ್ಲ, ಭಾರವೂ ಇಲ್ಲ, ಆದರೂ ಗುಂಡಿ ಬರುತ್ತಿದೆಯೇ? ಖಾಲಿ ಜಾರನ್ನು ಬೋರಲು ಹಾಕಿ ತಳದ ಕಪ್ಲರನ್ನು ಎರಡು ಬೆರಳಿನಿಂದ ತಿರುಗಿಸಿ. ಹಗುರಾಗಿ ತಿರುಗಬೇಕು. ತಿರುಗದಿದ್ದರೆ ಬ್ಲೇಡಿನ ಕೆಳಗೆ ಶಾಫ್ಟನ್ನು ಹಿಡಿದಿಡುವ ಬಳೆಗೆ, ಅಂದರೆ ಬುಶ್‌ಗೆ, ಚಟ್ನಿ ಇಳಿದು ಒಣಗಿ ಗಾರೆಯಾಗಿದೆ. ಜಾರಿನೊಳಗೆ ಬ್ಲೇಡ್ ಮುಳುಗುವಷ್ಟು ಬಿಸಿನೀರು ಹಾಕಿ ಅರ್ಧ ಗಂಟೆ ಬಿಡಿ, ಒರೆಸಿ, ಶಾಫ್ಟಿನ ಬುಡಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಕೈಯಲ್ಲೇ ಆಚೀಚೆ ತಿರುಗಿಸಿ. ಹೊಲಿಗೆ ಯಂತ್ರದ ಎಣ್ಣೆ ಬೇಡ, ನಾಳೆ ಅದು ಚಟ್ನಿಗೇ ಬರುತ್ತದೆ. ಬುಶ್ ಸವೆದು ಬ್ಲೇಡ್ ಲಟಲಟ ಅಲ್ಲಾಡುತ್ತಿದ್ದರೆ, ಜಾರಿನಡಿ ಕಪ್ಪು ನೀರು ಸೋರುತ್ತಿದ್ದರೆ, ಬುಶ್ ಬದಲಿಸಿಯೇ ತೀರಬೇಕು. ಆ ನೀರು ನೇರ ಮೋಟರಿನ ಬೇರಿಂಗಿಗೆ ಇಳಿಯುತ್ತದೆ.

ಮೋಟರ್ ಕಿರುಚುತ್ತದೆ, ಬ್ಲೇಡ್ ಕದಲುವುದಿಲ್ಲ ಎಂದರೆ ಕಪ್ಲರಿನ ಹಲ್ಲು ಹೋಗಿವೆ. ಬೇಸಿನ ಸುತ್ತ ಪುಡಿ ಬಿದ್ದಿರುತ್ತದೆ. ಸಿಟ್ಟಾಗಬೇಡಿ, ಮೋಟರ್ ಉಳಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಬಿಚ್ಚುವಾಗ ಮಾತ್ರ ನಟ್ಟು ಬಿಚ್ಚುವ ಅಭ್ಯಾಸ ಕೈಕೊಡುತ್ತದೆ. ರುಬ್ಬುವ ಭಾರಕ್ಕೆ ತಾನಾಗಿ ಬಿಗಿಯಾಗುವಂತೆ ಥ್ರೆಡ್ (ತಿರುಪಿನ ಗೆರೆ) ಹಾಕಿರುವುದರಿಂದ, ಶಾಫ್ಟನ್ನು ಹಿಡಿದು ಕಪ್ಲರನ್ನು ಮಿಕ್ಸಿ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಉಲ್ಟಾ ತಿರುಗಿಸಿ ಬಲ ಹಾಕಿದಷ್ಟೂ ಅದು ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಒಂದರಲ್ಲಿ ಓಡದೆ ಮೂರರಲ್ಲಿ ಓಡಿದರೆ ತೊಂದರೆ ಹೆಚ್ಚಾಗಿ ನಾಬಿನ ಸ್ವಿಚ್ಚಿನಲ್ಲಿ. ತಟ್ಟಿದರೆ ಓಡಿ, ಬಿಟ್ಟರೆ ನಿಂತರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಬದಲಿಸುವುದಾದರೆ ಎರಡೂ ಒಟ್ಟಿಗೆ. ಗಾಳಿಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಮಾಮೂಲು. ಬೆಂಕಿಯ ಬಳೆಯೇ ಸುತ್ತುತ್ತಿದ್ದರೆ, ಹೊಗೆ ಬಂದರೆ, ಆಗ "ಮೋಟರ್ ಹೋಗಿದೆ" ಎನ್ನುವ ಹಕ್ಕು ಯಜಮಾನರಿಗೆ ಸಿಗುತ್ತದೆ.

ಹಾಗೆ ನೋಡಿದರೆ ನಮ್ಮ ಮಿಕ್ಸಿ ಹುಟ್ಟಿದ್ದೇ ಸುಟ್ಟ ಮೋಟರಿನಿಂದ. ವಿದೇಶಿ ಮಿಕ್ಸರ್ ಇಲ್ಲಿನ ರುಬ್ಬುವಿಕೆಗೆ ತಾಳದೆ ಕೆಟ್ಟಾಗ, ಇಂಜಿನಿಯರ್ ಸತ್ಯ ಪ್ರಕಾಶ್ ಮಾಥುರ್ ನಮ್ಮ ಅಡುಗೆಗೆ ತಕ್ಕ ಗಟ್ಟಿ ಮೋಟರಿನ ಮಿಕ್ಸಿ ಮಾಡಲು ಹೊರಟರು. 1960ರ ದಶಕದಲ್ಲಿ ಸುಮೀತ್ ಮಿಕ್ಸಿ ಬಂತು. ಒರಳುಕಲ್ಲು ಹಿತ್ತಿಲಿಗೆ ಹೋಯಿತು, ಉಳಿ ಹಿಡಿದು ಬೀದಿಯಲ್ಲಿ ಕೂಗುತ್ತಾ ಬಂದು ಕಲ್ಲಿನ ಒಳಮೈ ಒರಟು ಮಾಡಿಕೊಡುತ್ತಿದ್ದವರೂ ಬರುವುದು ಬಿಟ್ಟರು. ಒರಳಿನ ಮುಂದೆ ಕೂತ ಅಜ್ಜಿಗೆ ಓವರ್‌ಲೋಡ್ ಆದರೆ ಒತ್ತಲು ಗುಂಡಿ ಇರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಕೈ ಬದಲಿಸುತ್ತಿದ್ದರು, ಅಷ್ಟೇ.

ಅಂಗಡಿಗೆ ಒಯ್ಯಲೇಬೇಕೆಂದಾದರೆ ಓಡಿಸುತ್ತಿದ್ದ ಜಾರನ್ನೂ ತೊಳೆದು ಜೊತೆಗೆ ತೆಗೆದುಕೊಂಡು ಹೋಗಿ. ಬರೀ ಬೇಸನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ರಿಪೇರಿಯವನು ತನ್ನ ಜಾರು ಕೂರಿಸಿ, ಗುಂಡಿ ಒತ್ತಿ, ಓಡಿಸಿ ತೋರಿಸುತ್ತಾನೆ. ಚೆನ್ನಾಗಿಯೇ ಓಡುತ್ತದೆ. "ಸರ್ವಿಸ್ ಮಾಡಿದೀನಿ ಸಾರ್" ಎಂದು ದುಡ್ಡು ಇಸಿದುಕೊಳ್ಳುತ್ತಾನೆ. ಬುಶ್ ಹಿಡಿದ ಜಾರು ಮನೆಯ ಸಿಂಕಿನಲ್ಲಿ ನಾಳೆಯ ಚಟ್ನಿಗೆ ಕಾಯುತ್ತಿರುತ್ತದೆ.