‘ಲಿಮಿಟ್‌ನಲ್ಲಿ’ ಅಂದ್ರೆ ಎಷ್ಟು ಸ್ವಾಮಿ?

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಇಲ್ಲೇ ಕಾರ್ಕೊಂಡ್ಬಿಡ್ತೀನಿ.

ನಮ್ಮ ರಿಟೈರ್ಡ್ ಗ್ಯಾಂಗು ತಿಂಗಳಿಗೊಮ್ಮೆ ಸೇರೋದು ನಿಮಗೆ ಗೊತ್ತೇ ಇದೆ. ನಿನ್ನೆ ಒಬ್ಬ ಗೆಳೆಯನ ತಾರಸಿ ಮೇಲೆ. ಕಾಂಗ್ರೆಸ್ ಕಡ್ಲೆಬೀಜ, ಸೌತೆಕಾಯಿ, ಒಂದು ಫುಲ್ ಬಾಟಲಿ. ಅವನು 32 ವರ್ಷ ಬ್ಯಾಂಕ್ ಕೌಂಟರಲ್ಲಿ ಕೂತವನು. ಗಿರಾಕಿ ಒಳಗೆ ಕಾಲಿಡ್ತಿದ್ದ ಹಾಗೇ ಖಾತೆ ನಂಬರ್ ಹೇಳ್ತಿದ್ದ. ಅಂಥವನು ಒಂದು ಗಂಟೇಲಿ ಮೂರು ಸಲ "ನಿನ್ ಮಗಳು ಈಗೆಲ್ಲಿದಾಳೋ?" ಅಂತ ಕೇಳಿದ. ಮೂರು ಸಲಾನೂ "ಹುಬ್ಬಳ್ಳೀಲಿ ಕಣೋ" ಅಂದೆ. ಎಲ್ಲರೂ ನಕ್ಕರು. ಆಮೇಲೆ ಹೋದ ವಾರ ಧರ್ಮಸ್ಥಳಕ್ಕೆ ಹೋಗಿದ್ದು, ಗುಂಡ್ಯದ ಹತ್ರ ಬಸ್ಸು ಕೆಟ್ಟು ನಿಂತಿದ್ದು, ಎಲ್ಲ ವಿವರವಾಗಿ ಹೇಳಿದ. ಬೋಂಡಾ ತಂದಿಟ್ಟ ಅವನ ಹೆಂಡ್ತಿ ಮೆಲ್ಲಗೆ, "ಯುಗಾದಿಯಿಂದ ಇವರು ಊರೇ ಬಿಟ್ಟಿಲ್ಲ" ಅಂದ್ರು. ಅದಕ್ಕೂ ನಗು.

ಆಗ ಇನ್ನೊಬ್ಬ ಮಹಾನುಭಾವ ವಾಟ್ಸಾಪ್ ತೆಗೆದು ಗಟ್ಟಿಯಾಗಿ ಓದಿದ: ವಯಸ್ಸಾದೋರು ಲಿಮಿಟ್‌ನಲ್ಲಿ ತಗೊಂಡ್ರೆ ಜ್ಞಾಪಕಶಕ್ತಿ ಚುರುಕಾಗುತ್ತಂತೆ. ಚಿಯರ್ಸ್!

ಲಿಮಿಟ್ಟು. ಯಾರ ಲಿಮಿಟ್ಟಪ್ಪ? ಅಳೆಯೋರು ಯಾರು? ಎಷ್ಟು ಕುಡಿದೆ ಅನ್ನೋ ಲೆಕ್ಕ ಇಟ್ಕೊಳ್ಳೋಕೆ ನೆನಪು ಬೇಕು, ಆ ನೆನಪೇ ಜಾರಿ ಹೋಗ್ತಿರೋ ಮನುಷ್ಯನ ಕೈಗೇ ಲೆಕ್ಕದ ಪುಸ್ತಕ ಕೊಟ್ಟು ಕೂತಿದ್ದೀವಿ.

ರಾತ್ರಿ ನಿದ್ದೆ ಬರದೆ ಆ ಮೆಸೇಜಿನ ಮೂಲ ಹುಡುಕಿದೆ. ಲಂಡನ್ನಿನ ಸರ್ಕಾರಿ ನೌಕರರನ್ನ ದಶಕಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನ ಇದೆ. 2018ರಲ್ಲಿ ಬಂದ ಅದರ ವರದೀಲಿ, ಮಧ್ಯವಯಸ್ಸಲ್ಲಿ ಕುಡಿಯದೇ ಇದ್ದೋರಲ್ಲೂ, ಮಿತವಾಗಿ ಕುಡಿಯೋರಿಗಿಂತ ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ಜಾಸ್ತಿ ಕಂಡಿದ್ದು ನಿಜ. ನಮ್ಮವರು ಅಷ್ಟಕ್ಕೇ ಗ್ಲಾಸ್ ಎತ್ತಿಬಿಟ್ರು. ಕುಡಿಯದವರ ಪಟ್ಟೀಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇದ್ದೋರು, ಆರೋಗ್ಯ ಕೆಟ್ಟು ಬಿಟ್ಟೋರು ಕೂಡ ಸೇರಿರ್ತಾರೆ ಅನ್ನೋದನ್ನ ಯಾರು ಫಾರ್ವರ್ಡ್ ಮಾಡ್ತಾರೆ? ಅದೇ ವೈಟ್‌ಹಾಲ್‌ನ 550 ಜನರನ್ನ 30 ವರ್ಷ ನೋಡಿ, ಮೆದುಳು ಸ್ಕ್ಯಾನ್ ಮಾಡಿ 2017ರಲ್ಲಿ ಬರೆದ ಇನ್ನೊಂದು ವರದಿ ಇದೆ. ವಾರಕ್ಕೆ 14ರಿಂದ 21 ಯೂನಿಟ್ (ಒಂದು ಯೂನಿಟ್ ಅಂದ್ರೆ 10 ಎಂಎಲ್ ಶುದ್ಧ ಆಲ್ಕೋಹಾಲ್) ಕುಡಿಯೋರಲ್ಲಿ ನೆನಪು ಕಟ್ಟೋ ಭಾಗ, ಹಿಪೊಕ್ಯಾಂಪಸ್, ಕುಗ್ಗಿರೋ ಸಂಭವ ಮೂರು ಪಟ್ಟು. ಸ್ವಲ್ಪವೇ ಕುಡಿಯೋರಿಗೂ ಯಾವ ರಕ್ಷಣೆಯೂ ಕಾಣಲಿಲ್ಲ.

14 ಯೂನಿಟ್ ಅಂದ್ರೆ ನಮ್ಮ ಭಾಷೇಲಿ ಎಷ್ಟು? ಬಾಟಲಿ ಮೇಲೆ 42.8% ಅಂತಿರುತ್ತಲ್ಲ, ಅದರ 60 ಎಂಎಲ್ ಲಾರ್ಜ್ ಒಂದಕ್ಕೆ ಎರಡೂವರೆ ಯೂನಿಟ್. ವಾರಕ್ಕೆ ಐದೂವರೆ ಪೆಗ್ಗಿಗೇ 14 ಮುಗೀತು. ದಿನಾ ಒಂದೇ ಲಾರ್ಜ್ ಹಾಕೋ ಸಾಧು ಪ್ರಾಣಿನೂ ಗೆರೆ ದಾಟಿರ್ತಾನೆ. ಅದೂ ನಿಜವಾಗ್ಲೂ 60 ಇದ್ರೆ!

"ನಮ್ಮ ತಾತ 92 ವರ್ಷ ಹೆಂಡ ಕುಡ್ದು ಕಲ್ಲುಗುಂಡಿನ ಹಾಗಿದ್ದ" ಅಂತ ಕಾಮೆಂಟ್ ಹಾಕೋಕೆ ಬೆರಳು ಎತ್ತಿದೋರು ಇಳಿಸಿ. ಇದ್ರು, ಒಪ್ಪಿದೆ. ಐವತ್ತಕ್ಕೇ ಹೋದ ಅವರ ತಮ್ಮಂದಿರ ಕಥೆ ಹೇಳೋಕೆ ಯಾರೂ ಉಳಿದಿಲ್ಲ ಅಷ್ಟೇ. ತಾತ ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ನಿದ್ದೆ ಮಾತ್ರೆ ನುಂಗಿ ಮೇಲೊಂದು ಪೆಗ್ ಹಾಕ್ತಿರಲಿಲ್ಲ. ವಯಸ್ಸಾದಂಗೆ ಮೈಯಲ್ಲಿ ನೀರಿನಂಶ ಕಮ್ಮಿಯಾಗುತ್ತೆ. ನಲವತ್ತರಲ್ಲಿ ಕುಡಿದಷ್ಟೇ ಅರವತ್ತೈದರಲ್ಲಿ ಕುಡಿದ್ರೂ ರಕ್ತಕ್ಕೆ ಜಾಸ್ತಿ ಏರುತ್ತೆ.

ಮತ್ತೆ ಆ ಧರ್ಮಸ್ಥಳದ ಬಸ್ಸು. ಅವನು ಬೊಗಳೆ ಬಿಡ್ತಿರಲಿಲ್ಲ. ಕೋರ್ಸಕಾಫ್ ಅನ್ನೋ ರಷ್ಯನ್ ವೈದ್ಯ 1887ರಲ್ಲೇ ಬರೆದಿಟ್ಟಿದಾನೆ: ನೆನಪು ಖಾಲಿಯಾದ ಜಾಗಕ್ಕೆ ಮೆದುಳು ತಾನೇ ಕಥೆ ಕಟ್ಟಿ ತುಂಬುತ್ತೆ, ಹೇಳೋನಿಗೆ ಅದು ಸತ್ಯವೇ. ಕುಡಿದು, ಊಟ ಬಿಟ್ಟು, ಬಿ1 ವಿಟಮಿನ್ ಬತ್ತಿ ಹೋದೋರಿಗೆ ಹೀಗಾಗೋದುಂಟು. ನಮ್ಮವನಿಗೆ ಅದೇನಾ? ನಾನೇನು ಡಾಕ್ಟರಲ್ಲ. ಆದ್ರೆ ನಿನ್ನೆ ಅವನ ತಟ್ಟೇಲಿದ್ದ ಬೋಂಡಾ ಹಾಗೇ ತಣ್ಣಗಾಗಿದ್ದನ್ನ ನೋಡಿದೀನಿ. ಬೇಗ ತೋರಿಸಿದ್ರೆ ಬಿ1 ಇಂಜೆಕ್ಷನ್ ಕೆಲಸ ಮಾಡುತ್ತಂತೆ. ಸೋಮವಾರ ಕರ್ಕೊಂಡು ಹೋಗೋನು ನಾನೇ. "ವಯಸ್ಸಾಯ್ತಲ್ಲ, ಮರೆವು ಸಹಜ" ಅಂತ ಕಳಿಸಿದ್ರೆ ಕುರ್ಚಿ ಬಿಟ್ಟು ಏಳಲ್ಲ.

ಇಷ್ಟೆಲ್ಲ ಬರೀತಿರೋನು ಹರಿಶ್ಚಂದ್ರನಾ ಅಂದ್ರೆ, ಅಲ್ಲ. ಮಗಳು ಫೋನಲ್ಲಿ ಕೇಳಿದಾಗಲೆಲ್ಲ "ಒಂದೇ ಪೆಗ್ಗಮ್ಮ, ಲಿಮಿಟ್‌ನಲ್ಲಿ" ಅಂತಾನೇ ಹೇಳಿರೋದು. ಇವತ್ತು ಬೆಳಿಗ್ಗೆ ಅವಳಮ್ಮ ದೇವಸ್ಥಾನಕ್ಕೆ ಹೋದಾಗ, ನನ್ನ ಸ್ಟೀಲ್ ಲೋಟಕ್ಕೆ ಎಂದಿನ ಪೆಗ್ಗಿನಷ್ಟೇ ನೀರು ಬಗ್ಗಿಸಿ, ಮೊಮ್ಮಗ ಬಿಟ್ಟು ಹೋಗಿದ್ದ ಕೆಮ್ಮಿನ ಸಿರಪ್ಪಿನ 10 ಎಂಎಲ್ ಮುಚ್ಚಳದಲ್ಲಿ ಅಳೆದೆ. ಒಂಬತ್ತೂವರೆ ಮುಚ್ಚಳ. ನಂಬಿಕೆ ಬರದೆ ಇನ್ನೊಂದ್ಸಲ ಅಳೆದೆ. ಒಂಬತ್ತೂವರೆ.

750ರ ಬಾಟಲಿ ಎಂಟೇ ದಿನಕ್ಕೆ ಯಾಕೆ ಖಾಲಿಯಾಗುತ್ತೆ, ಯಾರೋ ಕದ್ದು ಕುಡೀತಿದಾರಾ ಅಂತ ಕೆಲಸದೋನ ಮೇಲೆ ಅನುಮಾನ ಪಟ್ಟಿದ್ದೆ ನಾನು.

ಈಗ ಅಲ್ಮೆರಾದಲ್ಲಿರೋ ಬಾಟಲಿ ಲೇಬಲ್ ಮೇಲೆ ಮಾರ್ಕರ್ ಪೆನ್ನಲ್ಲಿ ತಾರೀಖು ಬರೆದಿಟ್ಟಿದೀನಿ. "ಇದೇನ್ರೀ, ಎಕ್ಸ್‌ಪೈರಿ ಡೇಟಾ?" ಅಂದ್ಲು ನನ್ನವಳು.