ಖುಷಿಯಿಂದ ಕೊಡಬೇಕಾದ ಕಡ್ಡಾಯ ಕಾಣಿಕೆ

ವಿದೇಶ ಪ್ರವಾಸದ ಪ್ಯಾಕೇಜ್ ಕರಪತ್ರದಲ್ಲಿ ಐಫೆಲ್ ಗೋಪುರ ಮೊದಲ ಪುಟದಲ್ಲಿರುತ್ತದೆ, ಟಿಪ್ಸ್ ಕೊನೆಯ ಪುಟದಲ್ಲಿರುತ್ತದೆ. 'ದರದಲ್ಲಿ ಸೇರದ ವೆಚ್ಚಗಳು' ಎಂಬ ತಲೆಬರಹದ ಕೆಳಗೆ, ವೀಸಾ ಶುಲ್ಕಕ್ಕೂ ಬಟ್ಟೆ ಒಗೆಸುವ ಖರ್ಚಿಗೂ ನಡುವೆ, ಓದುವವರು ಕನ್ನಡಕ ಹುಡುಕಬೇಕಾದಂಥ ಅಕ್ಷರಗಳಲ್ಲಿ ಅದು ಕುಳಿತಿರುತ್ತದೆ: ಚಾಲಕರಿಗೂ ಗೈಡ್‌ಗಳಿಗೂ ಟಿಪ್ಸ್, ತಲಾ ದಿನವೊಂದಕ್ಕೆ ಇಷ್ಟು ಯೂರೋ, ಕಡ್ಡಾಯ. ಎಷ್ಟೋ ಕಂಪನಿಗಳು ಅದನ್ನು ಹೊರಡುವ ಮೊದಲೇ ಕಟ್ಟಿಸಿಕೊಳ್ಳುತ್ತವೆ. ಚಾಲಕನ ಮುಖವನ್ನು ನಾವಿನ್ನೂ ನೋಡಿರುವುದಿಲ್ಲ, ಅವನು ಗಾಡಿಯ ಕೀಲಿ ತಿರುಗಿಸಿರುವುದಿಲ್ಲ. ಅವನ ಚಾಲನೆಗೆ ನಮ್ಮ ಮೆಚ್ಚುಗೆ ಮಾತ್ರ ಆಗಲೇ ರಸೀದಿ ಸಹಿತ ಜಮಾ ಆಗಿರುತ್ತದೆ. ಸಂತೋಷಕ್ಕೆ ಇಷ್ಟು ಶಿಸ್ತು ತಂದುಕೊಟ್ಟ ಪ್ರವಾಸ ಕಂಪನಿಗಳಿಗೆ ಯಾರಾದರೂ ಒಂದು ಪ್ರಶಸ್ತಿ ಕೊಡಬೇಕು. ಅದರ ಸಮಾರಂಭದ ಖರ್ಚನ್ನೂ ಅವರು ನಮ್ಮಿಂದಲೇ ವಸೂಲು ಮಾಡಿಯಾರು, ಚಿಂತೆಯಿಲ್ಲ.

ಈ ಬೇಸಿಗೆಯಲ್ಲಿ ಕಲಬುರಗಿಯ ಅಪ್ಪನ ಕೆರೆಯ ಸುತ್ತ ಬೆಳಗಿನ ನಡಿಗೆಗೆ ಹೋದವರಿಗೆ ಬೇರೆ ಮಾತು ಕೇಳಿಸಿರಲಿಕ್ಕಿಲ್ಲ. ತೊಗರಿ ಬೆಲೆ, ನೀರಿನ ಸರದಿ, ಅಳಿಯನ ವರ್ಗಾವಣೆ ಎಲ್ಲವೂ ಹಿಂದೆ ಸರಿದಿವೆ. ನಿವೃತ್ತ ಎಂಜಿನಿಯರರೂ ದಾಲ್ ಮಿಲ್ ಮಾಲೀಕರೂ ಎದುರುಬದುರು ನಿಂತು ಸ್ವಿಟ್ಜರ್ಲೆಂಡಿನ ಬಸ್ ಚಾಲಕನಿಗೆ ನಾಣ್ಯ ಕೊಡಬಹುದೋ, ನೋಟೇ ಕೊಡಬೇಕೋ ಎಂದು ಚರ್ಚಿಸುತ್ತಾರೆ. ಲಕೋಟೆಯಲ್ಲಿಟ್ಟರೆ ಹೆಚ್ಚು ಗೌರವವೇ? ಮಡಿಲಲ್ಲಿ ಕೂರುವ ಮೊಮ್ಮಗನಿಗೂ ತಲಾ ಲೆಕ್ಕ ಅನ್ವಯಿಸುತ್ತದೆಯೇ? ಮೊಬೈಲಿನಿಂದ ಮೊಬೈಲಿಗೆ ಹಾರಾಡುತ್ತಿರುವ ಮಾರ್ಗದರ್ಶಿಯೊಂದರಲ್ಲಿ ದೇಶವಾರು ಕೋಷ್ಟಕವೇ ಇದೆ. ಸಿಂಗಪುರ, ಆಸ್ಟ್ರೇಲಿಯಾ: ಯಾರೂ ನಿರೀಕ್ಷಿಸುವುದಿಲ್ಲ. ಜರ್ಮನಿಯ ಟ್ಯಾಕ್ಸಿ: ಮೀಟರಿನ ಮೊತ್ತವನ್ನು ಮೇಲಕ್ಕೆ ಪೂರ್ತಿ ಮಾಡಿ ಕೊಡಿ. ಅಮೆರಿಕ: ನೂರಕ್ಕೆ 15ರಿಂದ 20. ಈಜಿಪ್ಟ್: ಎದುರಿಗೆ ಬಂದವರಿಗೆಲ್ಲ. ಮಕ್ಕಳ ಅಂಕಪಟ್ಟಿಯನ್ನೂ ಇಷ್ಟು ಶ್ರದ್ಧೆಯಿಂದ ಓದದವರು ಇದನ್ನು ಮುದ್ರಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದಾರೆ.

ಕೋಷ್ಟಕದಲ್ಲಿ ನಮ್ಮವರನ್ನು ಅತಿ ಹೆಚ್ಚು ಕಂಗಾಲು ಮಾಡುವುದು ಜಪಾನ್. ಅಲ್ಲಿನ ಟ್ಯಾಕ್ಸಿಯ ಹಿಂಬಾಗಿಲನ್ನು ಪ್ರಯಾಣಿಕ ಮುಟ್ಟಬೇಕಿಲ್ಲ. ಚಾಲಕ ತನ್ನ ಸೀಟಿನಿಂದಲೇ ತೆರೆಯುತ್ತಾನೆ, ತಾನೇ ಮುಚ್ಚುತ್ತಾನೆ. ಕೈಗೆ ಬಿಳಿ ಗವಸು. ಚಿಲ್ಲರೆಯನ್ನು ಪುಟ್ಟ ತಟ್ಟೆಯಲ್ಲಿಟ್ಟು ಪೂರ್ತಿ ಹಿಂತಿರುಗಿಸುತ್ತಾನೆ, ಟಿಪ್ಸ್ ಬೇಡ ಎನ್ನುತ್ತಾನೆ. ಬೇಡ ಎಂದರೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿಲ್ಲ. ನಮ್ಮ ಮದುವೆಗಳಲ್ಲಿ ಆಯೇರಿ ಕೊಡುವುದನ್ನು ನೋಡಿದ್ದೀರಲ್ಲ? ಕೊಡುವವರು ನೋಟು ಮಡಚಿ ಮುಷ್ಟಿಯೊಳಗೆ ತುರುಕುತ್ತಾರೆ. ಪಡೆಯುವವರು 'ಅಯ್ಯೋ, ಇದೆಲ್ಲ ಯಾಕೆ ಕಾಕಾ' ಎಂದು ಕೈ ಹಿಂದೆಳೆಯುತ್ತಾರೆ, ಆದರೆ ಮುಷ್ಟಿ ಬಿಚ್ಚುವುದಿಲ್ಲ. ಎರಡು ಸಲ ತಳ್ಳಾಟ, ಒಂದು ಹುಸಿಮುನಿಸು, ಆಮೇಲೆ ನೋಟು ಸದ್ದಿಲ್ಲದೆ ಜೇಬು ಸೇರುತ್ತದೆ. ಬೇಡ ಎನ್ನುವುದು ಈ ನಾಡಿನಲ್ಲಿ ತೆಗೆದುಕೊಳ್ಳುವ ವಿಧಿಯ ಮೊದಲ ಮೆಟ್ಟಿಲು. ಟೋಕಿಯೊದಲ್ಲಿ ಇಳಿದ ನಮ್ಮ ಊರಿನ ಹಿರಿಯರೊಬ್ಬರು ಅದೇ ಅಭ್ಯಾಸದಲ್ಲಿ 'ಇಟ್ಟುಕೋ ತಮ್ಮಾ, ಇಟ್ಟುಕೋ' ಎಂದು ಗವಸಿನ ಕೈಯನ್ನು ಹಿಡಿದೇ ಬಿಟ್ಟರಂತೆ. ಆತ ನಡು ಬಗ್ಗಿಸಿ ನಮಸ್ಕರಿಸಿದ. ಇವರೂ ಬಗ್ಗಿದರು. ಆತ ಇನ್ನಷ್ಟು ಬಗ್ಗಿದ. ಹಿಂದೆ ನಿಂತಿದ್ದ ಟ್ಯಾಕ್ಸಿಗಳ ಸಾಲು ಉದ್ದವಾಯಿತೇ ಹೊರತು ನೋಟು ಕೈ ಬದಲಿಸಲಿಲ್ಲ. ಊರಿಗೆ ಮರಳಿದ ಮೇಲೆ ಅವರ ತೀರ್ಮಾನ: ಜಪಾನಿನವರಿಗೆ ಮನುಷ್ಯ ಸಂಬಂಧ ಗೊತ್ತಿಲ್ಲ.

ಅಮೆರಿಕದಲ್ಲಿ ಈ ಕಷ್ಟವಿಲ್ಲ. ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಯಲ್ಲಿ ಕಾರ್ಡ್ ಉಜ್ಜಿದರೆ ಹಿಂದಿನ ಸೀಟಿನೆದುರಿನ ಪರದೆ ತಾನೇ ಕೇಳುತ್ತದೆ: ನೂರಕ್ಕೆ 20, 25, 30? ಬೇರೆ ಅಂಕಿ ಬೇಕಿದ್ದರೆ ಬೇರೆ ಗುಂಡಿ ಹುಡುಕಬೇಕು, ಹುಡುಕುವಷ್ಟು ಹೊತ್ತೂ ಕನ್ನಡಿಯಲ್ಲಿ ಎರಡು ಕಣ್ಣು ನಮ್ಮನ್ನೇ ನೋಡುತ್ತಿರುತ್ತವೆ. ನಗಬೇಡಿ, ಆ ಕಣ್ಣುಗಳದ್ದು ತಪ್ಪಿಲ್ಲ, ಆ ದೇಶದ ಪದ್ಧತಿಯೇ ಹಾಗಿದೆ. ಹೋಟೆಲಿನ ಮಾಣಿಯ ಕೆಲಸದಂಥ ಟಿಪ್ಸ್ ಬರುವ ನೌಕರಿಗಳಿಗೆ ಮಾಲೀಕ ಕೈಯಾರೆ ಕೊಡಬೇಕಾದ ಕನಿಷ್ಠ ಕೂಲಿ ಎಂದು ಅಲ್ಲಿನ ಕೇಂದ್ರ ಸರ್ಕಾರ ಗೊತ್ತು ಮಾಡಿರುವುದು ಗಂಟೆಗೆ 2.13 ಡಾಲರ್. ಅದು 1991ರಿಂದ ಅಲುಗಾಡಿಲ್ಲ. ಉಳಿದದ್ದನ್ನು ಗಿರಾಕಿಯ ಮನಸ್ಸಾಕ್ಷಿ ತುಂಬಿಕೊಡಬೇಕು, ತುಂಬದಿದ್ದರೆ ಮಾತ್ರ ಮಾಲೀಕ ಜೇಬಿಗೆ ಕೈ ಹಾಕಬೇಕು. ಬಹುಪಾಲು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ, ಇಲ್ಲವೆನ್ನುವುದಿಲ್ಲ. 2025ರಲ್ಲಿ ಅಲ್ಲಿನ ಸರ್ಕಾರ ಇನ್ನೊಂದು ಔದಾರ್ಯ ತೋರಿತು: ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ. ಕೂಲಿ ಏರಿಸುವುದಕ್ಕಿಂತ ಇದು ಹಗುರ. ಭಿಕ್ಷೆಗೆ ತೆರಿಗೆಯಿಲ್ಲ ಎಂದು ಸಾರಿದರೆ ಸಂಬಳದ ಮಾತು ತಾನಾಗಿ ಅಡಗುತ್ತದೆ.

ನಿಜ ಹೇಳಬೇಕೆಂದರೆ, ಕಡ್ಡಾಯ ಕಾಣಿಕೆಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಯಾವ ಮಾರ್ಗದರ್ಶಿಯೂ ಬೇಕಾಗಿರಲಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನೆಲವಿದು. ದರ್ಬಾರಿಗೆ ಹೋದವರು ನಜರಾನಾ ಒಪ್ಪಿಸಬೇಕಿತ್ತು. ಜಗತ್ತಿನ ಅತಿ ಶ್ರೀಮಂತರಲ್ಲೊಬ್ಬ ಎನಿಸಿಕೊಂಡಿದ್ದ ಪ್ರಭುವಿಗೆ ಅವನಿಗಿಂತ ಬಡವರೆಲ್ಲ ಸರದಿಯಲ್ಲಿ ನಿಂತು ಟಿಪ್ಸ್ ಕೊಡುತ್ತಿದ್ದರು. ಬೇರೆ ಕಡೆ ಕಾಣಿಕೆ ಮೇಲಿನಿಂದ ಕೆಳಕ್ಕೆ ಇಳಿದರೆ ನಮ್ಮಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಪ್ರಭುಗಳು ಹೋದರು, ಏರುವ ದಿಕ್ಕು ಹೋಗಲಿಲ್ಲ. ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿದೆ ಎಂದು ಯಾವುದಾದರೂ ಕಚೇರಿಯ ಮೇಜಿನ ಮುಂದೆ ನಿಂತು ನೋಡಿ. 'ಚಹಾ-ಪಾನಿ' ಎಂಬ ಮಾತನ್ನು ಯಾರೂ ಆಡುವುದಿಲ್ಲ. ಮೇಜಿನ ಆಚೆಯವರು ಸುಮ್ಮನೆ ಕಡತವನ್ನು ಎಡಗಡೆಯಿಂದ ತೆಗೆದು ಬಲಗಡೆಗೆ ಇಡುತ್ತಾರೆ. ಅಷ್ಟೇ. ಕೆಲಸ ಆದ ಮೇಲೆ ಖುಷಿಯಿಂದ ಕೊಡುವುದಲ್ಲ ಅದು, ಕೊಟ್ಟ ಮೇಲೆ ಖುಷಿಯಾದರೆ ಕೆಲಸ.

ಹಾಗಾಗಿ 2025ರ ಮೇ ತಿಂಗಳಲ್ಲಿ ಟ್ಯಾಕ್ಸಿ ಆ್ಯಪ್‌ಗಳ 'ಮುಂಗಡ ಟಿಪ್ಸ್' ಗದ್ದಲ ಎದ್ದಾಗ ಇಲ್ಲಿನವರು ಬೆಚ್ಚಿ ಬೀಳಲಿಲ್ಲ. ಗಾಡಿ ಬೇಗ ಬರಬೇಕಿದ್ದರೆ ಮೊದಲೇ ಟಿಪ್ಸ್ ಸೇರಿಸಿ ಎಂದು ಕೇಳುವುದು ಅನೈತಿಕ, ಟಿಪ್ಸ್ ಸೇವೆಯ ನಂತರ ಕೊಡುವ ಮೆಚ್ಚುಗೆಯೇ ಹೊರತು ಹಕ್ಕಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು ಸಿಟ್ಟಾದರು. ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟಿಸ್ ಕೊಟ್ಟಿತು. ಸಚಿವರ ಮಾತು ನೂರಕ್ಕೆ ನೂರು ಸರಿ. ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಸರ್ಕಾರಿ ಕಚೇರಿಗಳ ಗೋಡೆಗೆ ತೂಗುಹಾಕಿದ್ದರೆ ಇನ್ನೂ ಸರಿಯಾಗುತ್ತಿತ್ತು. ಬಹುಶಃ ಮೊಳೆ ಹೊಡೆಯುವವನ ಚಹಾ-ಪಾನಿಯ ವಿಷಯದಲ್ಲಿ ಕಡತ ನಿಂತಿರಬೇಕು.

ಯುರೋಪಿಗೆ ಬರೋಣ, ಬಸ್ ಹೊರಟುಬಿಡುತ್ತದೆ. ಅಲ್ಲಿನ ಬಸ್ ಚಾಲಕ ನಾಲ್ಕೂವರೆ ಗಂಟೆ ಗಾಡಿ ಓಡಿಸಿದರೆ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕು. ದಿನಕ್ಕೆ ಒಂಬತ್ತು ಗಂಟೆ ಚಾಲನೆ. ವಾರದಲ್ಲಿ ಎರಡು ದಿನ ಮಾತ್ರ ಹತ್ತು. ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ನಿಲ್ಲಿಸಿದ ಎಂಬುದನ್ನು ಡ್ಯಾಶ್‌ಬೋರ್ಡಿನ ಟ್ಯಾಕೋಗ್ರಾಫ್ ಎಂಬ ಯಂತ್ರ ಬರೆದಿಟ್ಟುಕೊಳ್ಳುತ್ತದೆ, ತಪ್ಪಿದರೆ ದಂಡ. ನಮ್ಮವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ. 'ಹೋಟೆಲು ಇನ್ನು ಹತ್ತೇ ಕಿಲೋಮೀಟರ್, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಲು ಹೇಳಿ' ಎಂದು ಹಿಂದಿನ ಸೀಟಿನಿಂದ ಕೂಗು ಏಳುತ್ತದೆ. ಟಿಪ್ಸ್ ಕಟ್ಟಿದ್ದೇವಲ್ಲ ಎಂಬ ಧೈರ್ಯ ಬೇರೆ. ಚಾಲಕ ಮಾತಾಡುವುದಿಲ್ಲ, ಯಂತ್ರದ ಕಡೆ ಬೆರಳು ತೋರಿಸಿ ಇಳಿದುಹೋಗುತ್ತಾನೆ.

ಇಂಥದ್ದೇ ಒಂದು ವಿರಾಮದಲ್ಲಿ ನಮ್ಮ ಬಡಾವಣೆಯ ಅಕ್ಕನವರೊಬ್ಬರು ಸೀರೆಯ ಸೆರಗು ಸರಿಮಾಡಿಕೊಂಡು ಚಾಲಕನ ಬಳಿ ಹೋದರು. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಖಡಕ್ ರೊಟ್ಟಿ ಕೊಟ್ಟರು, ಮೇಲೆ ಒಂದು ಚಮಚ ಶೇಂಗಾ ಹಿಂಡಿ. ಆತ ರೊಟ್ಟಿಯನ್ನು ಎರಡೂ ಬದಿ ತಿರುಗಿಸಿ ನೋಡಿದ. ತಿನ್ನುವ ವಸ್ತುವೆಂದು ಖಾತ್ರಿಯಾದ ಮೇಲೆ ಕಚ್ಚಿದ. ಸದ್ದು ಬಸ್ಸಿನೊಳಗೆ ಕುಳಿತವರಿಗೂ ಕೇಳಿಸಿತು. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತುಂಡಿಗೆ ಕೈ ಚಾಚಿದ. ಪ್ರವಾಸದುದ್ದಕ್ಕೂ ಯಾರ ಅಪ್ಪಣೆಯೂ ಇಲ್ಲದೆ ಸಂದಾಯವಾದ ಕಾಣಿಕೆ ಅದೊಂದೇ. ಟೂರ್ ಮ್ಯಾನೇಜರ್ ಮಾತ್ರ ಅಲ್ಲೇ ಸ್ಪಷ್ಟಪಡಿಸಿದನಂತೆ: ರೊಟ್ಟಿಯನ್ನು ಟಿಪ್ಸ್ ಲೆಕ್ಕದಲ್ಲಿ ಕಳೆಯುವಂತಿಲ್ಲ.

ಈಗ ಕೋಷ್ಟಕದಲ್ಲಿ ಇಲ್ಲದ ಚಾಲಕನ ವಿಷಯ. ಪ್ಯಾರಿಸ್ಸಿಗಾಗಲಿ ಟೋಕಿಯೊಗಾಗಲಿ ಕಲಬುರಗಿಯಿಂದ ನೇರವಾಗಿ ಹಾರುವಂತಿಲ್ಲ. 2019ರ ನವೆಂಬರ್‌ನಲ್ಲಿ ನಮ್ಮ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಹಾರ ಹಾಕಿಸಿಕೊಂಡವರು ಏನೇನು ಹೇಳಿದ್ದರೋ ಬಿಡಿ. ವಿದೇಶಕ್ಕೆ ಹೊರಟವರು ಇಂದಿಗೂ ಬಾಡಿಗೆ ಕಾರು ಹಿಡಿದು ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದಿಗೆ ಹೋಗಬೇಕು. ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ, ಅಲ್ಲಿಂದ ಹೈದರಾಬಾದಿನ ಹೊರ ವರ್ತುಲ ರಸ್ತೆ. ವಿಮಾನ ನಸುಕಿಗೆ ಇದ್ದರೆ ಪ್ರಯಾಣ ರಾತ್ರಿ ಹತ್ತಕ್ಕೆ. ಸ್ಟೇರಿಂಗ್ ಹಿಡಿದವನು ನಮ್ಮದೇ ಓಣಿಯ ಹುಡುಗ. 'ತಮ್ಮಾ, ನಿದ್ದೆ ಗಿದ್ದೆ ಬರುವುದಿಲ್ಲ ತಾನೇ?' ಎಂದು ಮನೆಮಂದಿಯೆಲ್ಲ ಸರದಿಯಂತೆ ಕೇಳಿ, ಸರದಿಯಂತೆ ನಿದ್ದೆ ಹೋಗುತ್ತಾರೆ. ಅವನು ಹಗಲೆಲ್ಲ ಯಾರನ್ನು ಎಲ್ಲಿಗೆ ಕರೆದೊಯ್ದಿದ್ದ ಎಂದು ಬರೆದಿಡುವ ಯಂತ್ರ ಆ ಕಾರಿನಲ್ಲಿಲ್ಲ. ಜಹೀರಾಬಾದಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಅವನಿಗೊಂದು ಹೇಳೋಣವೇ ಎಂದು ಸೊಸೆ ಕೇಳಿದರೆ ಯಜಮಾನರು, 'ಗಿರಾಕಿ ಕರೆತಂದಿದ್ದಕ್ಕೆ ಹೋಟೆಲಿನವರೇ ಪುಕ್ಕಟೆ ಕೊಡುತ್ತಾರೆ ಬಿಡು' ಎನ್ನುತ್ತಾರೆ.

ಲೆಕ್ಕ ನಡೆಯುವುದು ನಿರ್ಗಮನ ದ್ವಾರದ ಮುಂದೆ, ಗಾಡಿ ತೆಗೆಯಿರಿ ಎಂದು ಕಾವಲುಗಾರ ಸೀಟಿ ಊದುತ್ತಿರುವಾಗ. ಟೋಲ್ ಹಣ ಫಾಸ್ಟ್ಯಾಗ್ ಮೂಲಕ ಮೊದಲೇ ಕಡಿತವಾಗಿದೆ. 'ಎಷ್ಟು ಹೋಯಿತು, ಮೆಸೇಜ್ ತೋರಿಸು.' ಹುಡುಗ ಮೊಬೈಲ್ ಕೆದಕುತ್ತಾನೆ. ಕಂಕೋಲದ ಟೋಲಿನ ಮೆಸೇಜ್ ಸಿಗುತ್ತದೆ, ಇನ್ನೊಂದು ಬಂದೇ ಇಲ್ಲ, ಬರದ ಮೆಸೇಜಿನ ಹಣ ಅವನ ಪಾಲಿಗೆ. ಚಾಲಕನ ದಿನಭತ್ಯೆ, ಅಂದರೆ ಬಾಟಾ, ಐನೂರು ಎಂದರೆ, 'ಕಿಲೋಮೀಟರ್ ದರದಲ್ಲೇ ಅದು ಬಂದಿಲ್ಲವೇ?' ಖಾಲಿ ಗಾಡಿ ವಾಪಸ್ ಹೋಗಬೇಕು ಸಾಹೇಬರೇ ಎಂದರೆ, 'ದಾರಿಯಲ್ಲಿ ಯಾರಾದರೂ ಸಿಗುತ್ತಾರೆ.' ಆರು ಸಾವಿರದ ಎಂಟು ನೂರ ನಲವತ್ತು ಎಂದರೆ, 'ರೌಂಡ್ ಮಾಡು, ಆರೂವರೆ ಇಟ್ಟುಕೋ.' ಜರ್ಮನಿಯ ಟ್ಯಾಕ್ಸಿಯವನಿಗೆ ಮೊತ್ತವನ್ನು ಮೇಲಕ್ಕೆ ಪೂರ್ತಿ ಮಾಡಬೇಕೆಂದು ಬಾಯಿಪಾಠ ಮಾಡಿಕೊಂಡ ಅದೇ ಬಾಯಿ ಇದು. ಸೀಟಿಯ ಸದ್ದಿಗೆ ಹುಡುಗ ಹೆಚ್ಚು ವಾದಿಸಲಾರ. ಅದು ಯಜಮಾನರಿಗೂ ಗೊತ್ತು.

ಇಲ್ಲಿಗೆ ನನ್ನ ನಗು ಮುಗಿಯಿತು. ಚಾಲಕರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು ಈ ದೇಶ 1961ರಲ್ಲೇ ಕಾನೂನು ಮಾಡಿತ್ತು. ಈಗ ಅದು 2020ರ ಕಾರ್ಮಿಕ ಸಂಹಿತೆಯೊಳಗೆ ಕರಗಿದೆ. ಆ ಕಾನೂನು ಇದ್ದಾಗಲೂ ಐದಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಅದು ಅನ್ವಯಿಸುತ್ತಿರಲಿಲ್ಲ. ಒಂದು ಕಾರಿನ ಮಾಲೀಕ, ಒಬ್ಬ ಹುಡುಗ. ಯಾರ ಲೆಕ್ಕಕ್ಕೂ ಅವನಿಲ್ಲ. ರಾತ್ರಿಯಿಡೀ ಓಡಿಸಿದವನು ಬೆಳಗಿನ ಬಿಸಿಲಲ್ಲಿ ಒಬ್ಬನೇ ಮರಳಬೇಕು, ಹುಣ್ಣಿಮೆಯಿದ್ದರೆ ಮಧ್ಯಾಹ್ನಕ್ಕೇ ಗಾಣಗಾಪುರದ ಬಾಡಿಗೆ ಕಾದಿರುತ್ತದೆ. ಸ್ವಿಸ್ ಚಾಲಕನಿಗೆ ಸಂಬಳವಿದೆ, ರಜೆಯಿದೆ, ಮಲಗಲು ಕೋಣೆಯಿದೆ, ಅವನ ನಿದ್ದೆ ಕಾಯುವ ಕಾನೂನಿದೆ. ಅವನಿಗೆ ನಮ್ಮ ಎರಡು ಯೂರೋ ಸಿಕ್ಕಿತೋ ನಡುವೆಯೇ ಯಾರದೋ ಪಾಲಾಯಿತೋ ಎಂದು ನಾವು ಕೇಳುವುದೂ ಇಲ್ಲ. ಕೇಳಿದರೆ ನಮ್ಮ ಮರ್ಯಾದೆ ಹೋಗುತ್ತದೆ. ಇವನ ಮುಂದೆ ಹೋಗುವ ಮರ್ಯಾದೆಯೇ ನಮಗಿಲ್ಲ. ಅಸಹ್ಯವಾಗುತ್ತದೆ, ಬೇರೆ ಶಬ್ದವಿಲ್ಲ.

ಆದ್ದರಿಂದ ಪ್ರವಾಸ ಕಂಪನಿಗಳಲ್ಲಿ ಒಂದು ವಿನಂತಿ. ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲು ಸೇರಿಸಿ: ಕಲಬುರಗಿ–ಶಂಶಾಬಾದ್ ಚಾಲಕನಿಗೆ ತಲಾ ಎರಡು ಯೂರೋ, ಹೋಗುವಾಗ ಮತ್ತು ಬರುವಾಗ, ಕಡ್ಡಾಯ. ನಮ್ಮವರು ಕಡ್ಡಾಯ ಎಂದರೆ ಮರುಮಾತಾಡದೆ ಕಟ್ಟುತ್ತಾರೆ. ಅಪ್ಪನ ಕೆರೆಯ ದಂಡೆಯಲ್ಲಿ ಈ ಸಲಹೆಯನ್ನು ಮುಂದಿಟ್ಟಾಗ ನಿವೃತ್ತರೊಬ್ಬರು ಮೊಬೈಲ್ ತೆಗೆದು ಲೆಕ್ಕ ಹಾಕಿದರು. ನಾಲ್ಕು ಜನ, ಎಂಟು ಯೂರೋ, ಒಂದು ದಾರಿಗೇ ಸುಮಾರು ಎಂಟು ನೂರು ರೂಪಾಯಿ.

'ಅವನಿಗೆ ಯಾಕೆ ಅಷ್ಟು?' ಎಂದರು. 'ಅವನು ನಮ್ಮವನೇ ಅಲ್ಲವೇ!'